ಲಕ್ಕಿ ಸೊಪ್ಪು ಮತ್ತು ಕಂಪ್ಯೂಟರಿನ ಜರಡಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯಲ್ಲಿ ಕೆಳಗೆ ಸುಣ್ಣಕಲ್ಲು, ಮೇಲೆ ಎರೆಮಣ್ಣು. ಕಲ್ಲಿನಿಂದ ಸಿಮೆಂಟ್ ಕಾರ್ಖಾನೆಗಳೂ ಶಹಾಬಾದ್ ಪರಸಿಯೂ ಬಂದವು. ಮಣ್ಣು ತೊಗರಿ ಬೆಳೆಯಿತು, ಆ ತೊಗರಿ 2019ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಕೊಡ್ಲಿ ಎಂಬ ಊರು ದಾಟಿ ಚಿಂಚೋಳಿಯ ಕಡೆ ಹೋದಂತೆ ಕೆಮ್ಮಣ್ಣು, ಕುರುಚಲು, ಆಮೇಲೆ ಕೊಂಚಾವರಂ ಕಾಡು. 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಿತವಾದ ಈ ಒಣಕಾಡಿನಲ್ಲಿ ಔಷಧಿ ಗಿಡಗಳು ಹೇರಳ. ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾದರೂ ತೊಗರಿ ಸಾಲಿನ ನಡುವೆ ಎಡೆ ಹೊಡೆಯಲು ಈಗಲೂ ಎತ್ತು ಬೇಕು. ಮನೆಯ ದಿನದ ಖರ್ಚು ನಡೆಯಲು ಒಂದು ಆಕಳೋ ಎಮ್ಮೆಯೋ ಬೇಕು.

ಈ ಊರುಗಳ ದನದ ದವಾಖಾನೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಸರ್, ಆಕಳ ಕೆಚ್ಚಲ ಬಾತದರಿ, ಹಾಲ ಒಡದಂಗ ಬರ್ಲತ್ತದ." ಇನ್ನೊಬ್ಬರ ಎತ್ತಿಗೆ ನೊಗದ ಜಾಗದಲ್ಲಿ ಹೆಗಲು ಬಾತಿರುತ್ತದೆ, ಮತ್ತೊಬ್ಬರದಕ್ಕೆ ಗೊರಸಿನ ಮೇಲಿನ ಕೀಲು. ರೋಗ ಬೇರೆ ಬೇರೆ, ದೇಹದೊಳಗೆ ನಡೆಯುವ ಕ್ರಿಯೆ ಬಹುಮಟ್ಟಿಗೆ ಒಂದೇ. ಅದನ್ನು ವಿಜ್ಞಾನದ ಪುಸ್ತಕಗಳು ಉರಿಯೂತ ಎನ್ನುತ್ತವೆ, ಊರವರು ಬಾವು ಎನ್ನುತ್ತಾರೆ.

ಬಾವು ಇಳಿಸುವ ಅಣುಗಳನ್ನು ಗಿಡಮೂಲಿಕೆಗಳಲ್ಲಿ ಹುಡುಕುವ ಕೆಲಸಕ್ಕೆ ಕಳೆದ ಎರಡು ದಶಕಗಳಲ್ಲಿ ಕಂಪ್ಯೂಟರ್ ಸೇರಿಕೊಂಡಿದೆ. ಸಾವಿರಾರು ಅಣುಗಳನ್ನು ಪರದೆಯ ಮೇಲೆಯೇ ಸೋಸಿ, ಪರೀಕ್ಷಿಸಲು ಯೋಗ್ಯವಾದ ಹತ್ತಿಪ್ಪತ್ತನ್ನು ಉಳಿಸಿಕೊಳ್ಳುವ ವಿಧಾನ ಇದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಯಾವ ಅಣುವನ್ನು ಮೊದಲು ಪರೀಕ್ಷಿಸಬೇಕು ಎಂಬ ಸರದಿಯನ್ನು ಮಾತ್ರ ಕಂಪ್ಯೂಟರ್ ಕೊಡುತ್ತದೆ. ಆ ಸರದಿ ಸರಿಯಾಗಬೇಕಾದರೆ ದನ ಕಾಯುವವರ ತಿಳಿವಳಿಕೆ ಆರಂಭದಲ್ಲೇ ಲೆಕ್ಕಕ್ಕೆ ಬರಬೇಕು, ಆಕಳಿನ ದೇಹದ ಪರೀಕ್ಷೆ ಕೊನೆಯಲ್ಲಿ ಬರಲೇಬೇಕು.

ಕೆಚ್ಚಲೊಳಗೆ ನಡೆಯುವುದು

ಮೊದಲ ಶತಮಾನದ ರೋಮನ್ ಬರಹಗಾರ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣ ಹೇಳಿದ: ಕೆಂಪು, ಬಾವು, ಬಿಸಿ, ನೋವು. ಕೆಚ್ಚಲು ಬಾವು ಬಂದ ಆಕಳಿನಲ್ಲಿ ನಾಲ್ಕನ್ನೂ ಕಣ್ಣು, ಕೈಯಿಂದಲೇ ಗುರುತಿಸಬಹುದು. ಕೆಚ್ಚಲಿನ ನಾಲ್ಕು ಭಾಗಗಳಲ್ಲಿ ಒಂದು ಗಟ್ಟಿಯಾಗಿ, ಉಳಿದ ಮೂರಕ್ಕಿಂತ ಬಿಸಿಯಾಗಿರುತ್ತದೆ. ಮುಟ್ಟಿದರೆ ಆಕಳು ಒದೆಯುತ್ತದೆ. ಆ ಮೊಲೆಯಿಂದ ಹಿಂಡಿದ ಮೊದಲ ಧಾರೆಯಲ್ಲಿ ಬಿಳಿ ಗರಣೆ ಬರುತ್ತದೆ, ಕೆಲವೊಮ್ಮೆ ನೀರಿನಂಥ ಹಾಲು, ಕೆಲವೊಮ್ಮೆ ರಕ್ತ. ಆರೋಗ್ಯವಂತ ಕೆಚ್ಚಲಿನ ಹಾಲಿನಲ್ಲಿ ಪ್ರತಿ ಮಿಲಿಲೀಟರಿಗೆ ಎರಡು ಲಕ್ಷಕ್ಕಿಂತ ಕಡಿಮೆ ದೇಹಕೋಶಗಳಿರುತ್ತವೆ. ಬಾವು ಬಂದಾಗ ರಕ್ತದ ಬಿಳಿಕಣಗಳು ನುಗ್ಗಿ ಆ ಸಂಖ್ಯೆ ಹಲವು ಪಟ್ಟು ಏರುತ್ತದೆ.

ಬಿಳಿಕಣಗಳು ಬರುವುದು ರಕ್ಷಣೆಗೆ. ಕೊಟ್ಟಿಗೆಯ ಸಗಣಿ-ಗಂಜಲದಿಂದ ಮೊಲೆಯ ರಂಧ್ರ ಹೊಕ್ಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಅವುಗಳ ಕೆಲಸ. ಅವುಗಳಿಗೆ ಕರೆ ಕಳಿಸುವ, ರಕ್ತನಾಳಗಳನ್ನು ಹಿಗ್ಗಿಸುವ, ನೋವಿನ ನರಗಳನ್ನು ಚುರುಕಾಗಿಸುವ ರಾಸಾಯನಿಕಗಳಲ್ಲಿ ಪ್ರೊಸ್ಟಗ್ಲಾಂಡಿನ್‌ಗಳು ಮುಖ್ಯವಾದವು. ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ 20 ಇಂಗಾಲದ ಕೊಬ್ಬಿನಾಮ್ಲ ಇರುತ್ತದೆ. ಗಾಯ ಅಥವಾ ಸೋಂಕು ಆದಾಗ ಅದು ಪೊರೆಯಿಂದ ಬಿಡುಗಡೆಯಾಗುತ್ತದೆ. ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೊಸ್ಟಗ್ಲಾಂಡಿನ್ ಆಗಿಸುವ ಮೊದಲ ಹೆಜ್ಜೆಯನ್ನು ನಡೆಸುತ್ತದೆ. ಆಸ್ಪಿರಿನ್ ಈ ಕೆಲಸವನ್ನು ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದವರು ಬ್ರಿಟನ್ನಿನ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು.

ಕಾಕ್ಸ್ ಒಂದಲ್ಲ, ಎರಡಿವೆ ಎಂಬುದು 1990ರ ದಶಕದ ಆರಂಭದಲ್ಲಿ ಗೊತ್ತಾಯಿತು. ಕಾಕ್ಸ್-1 ಸದಾ ಕೆಲಸದಲ್ಲಿರುತ್ತದೆ. ಹೊಟ್ಟೆಯ ಒಳಪದರ ಹುಣ್ಣಾಗದಂತೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಕಾಕ್ಸ್-2 ಮುಖ್ಯವಾಗಿ ಗಾಯ, ಸೋಂಕಿನ ಹೊತ್ತಿಗೆ ಹೆಚ್ಚುತ್ತದೆ. ಆದ್ದರಿಂದ ಕಾಕ್ಸ್-2ನ್ನು ಹಿಡಿದು ಕಾಕ್ಸ್-1ನ್ನು ಆದಷ್ಟು ಬಿಟ್ಟುಬಿಡುವ ಅಣು ಬೇಕು. ಗಿಡಗಳಲ್ಲಿ ಹುಡುಕುತ್ತಿರುವುದು ಬಹುತೇಕ ಇಂಥದ್ದನ್ನೇ.

ಔಷಧಿ ಇರುವಾಗ ಹುಡುಕಾಟ ಏಕೆ

ಮೆಲಾಕ್ಸಿಕಾಮ್, ಫ್ಲುನಿಕ್ಸಿನ್‌ನಂಥ ಚುಚ್ಚುಮದ್ದುಗಳು ಪಶುವೈದ್ಯರ ಕೈಯಲ್ಲಿವೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತವೆ. ಆದರೆ ಅವು ಹಾಲಿಗೆ ಇಳಿಯುತ್ತವೆ. ನಿಗದಿತ ದಿನಗಳವರೆಗೆ ಆ ಹಾಲನ್ನು ಡೇರಿಗೆ ಹಾಕಬಾರದು. ಒಂದೇ ಆಕಳಿನ ಮನೆಗೆ ಅದು ಸಣ್ಣ ಹೊರೆಯಲ್ಲ. ಕೆಚ್ಚಲು ಬಾವಿಗೆ ಪದೇ ಪದೇ ಆ್ಯಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾಗಳು ಮೊಂಡಾಗುತ್ತಿರುವುದು ಇನ್ನೊಂದು ಚಿಂತೆ.

ಮೂರನೆಯ ಕಾರಣವನ್ನು ಭಾರತ ತುಂಬಾ ದುಬಾರಿ ಬೆಲೆ ತೆತ್ತು ಕಲಿತಿದೆ. 1990ರ ದಶಕದಲ್ಲಿ ದನಗಳ ನೋವಿಗೆ ಡೈಕ್ಲೊಫೆನ್ಯಾಕ್ ಅಗ್ಗವಾಗಿ ಸಿಗತೊಡಗಿತು. ಅದೇ ಹೊತ್ತಿಗೆ ರಣಹದ್ದುಗಳು ಕಾಣೆಯಾಗತೊಡಗಿದವು. 1992ರಿಂದ 2007ರ ನಡುವೆ ಬಿಳಿ ಬೆನ್ನಿನ ರಣಹದ್ದಿನ ಸಂಖ್ಯೆ ಭಾರತದಲ್ಲಿ ಶೇ 99ಕ್ಕೂ ಹೆಚ್ಚು ಕುಸಿಯಿತು. ಡೈಕ್ಲೊಫೆನ್ಯಾಕ್ ಪಡೆದು ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಹಾಳಾಗುತ್ತದೆ ಎಂದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನ ತೋರಿಸಿತು. ಇಷ್ಟು ದೊಡ್ಡ ನಾಶಕ್ಕೆ ನೂರು ಕಳೇಬರಗಳಲ್ಲಿ ಒಂದರಲ್ಲಿ ಔಷಧಿ ಉಳಿದಿದ್ದರೂ ಸಾಕು ಎಂದು ಇನ್ನೊಂದು ಲೆಕ್ಕಾಚಾರ ಹೇಳಿತು. 2006ರಲ್ಲಿ ಭಾರತ ಜಾನುವಾರುಗಳಿಗೆ ಡೈಕ್ಲೊಫೆನ್ಯಾಕ್ ನಿಷೇಧಿಸಿತು. ಹದ್ದುಗಳಿಗೆ ಮೆಲಾಕ್ಸಿಕಾಮ್ ಅಪಾಯವಿಲ್ಲ ಎಂದು ಅದೇ ವರ್ಷ ದೃಢಪಟ್ಟಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಏಸ್‌ಕ್ಲೊಫೆನ್ಯಾಕ್ ಕೂಡ ನಿಷೇಧದ ಪಟ್ಟಿ ಸೇರಿದವು. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ರಣಹದ್ದುಗಳಿಗಾಗಿ ಕರ್ನಾಟಕ 2012ರಲ್ಲಿ ಧಾಮವನ್ನೇ ಮಾಡಬೇಕಾಯಿತು.

ಡೈಕ್ಲೊಫೆನ್ಯಾಕ್ ಕಾಕ್ಸ್ ಕಿಣ್ವದೊಳಗೆ ಬಹಳ ಚೆನ್ನಾಗಿ ಕೂರುವ ಅಣು. ಕಿಣ್ವ ಹಿಡಿಯುವ ಶಕ್ತಿಯೊಂದನ್ನೇ ನೋಡುವ ಯಾವ ಲೆಕ್ಕಾಚಾರವೂ ಅದಕ್ಕೆ ಒಳ್ಳೆಯ ಅಂಕವನ್ನೇ ಕೊಡುತ್ತದೆ. ಹದ್ದುಗಳಿಗೆ ಏನಾಗುತ್ತದೆ ಎಂಬುದು ಆ ಅಂಕದಲ್ಲಿ ಎಲ್ಲೂ ಇಲ್ಲ.

ಗಿಡದ ತಿಳಿವಳಿಕೆ ಎಲ್ಲಿದೆ

ಈ ಸೀಮೆಗೂ ಪಶುವೈದ್ಯಕ್ಕೂ ಇರುವ ನಂಟು ಹಳೆಯದು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ನಂತರ ಬಂದ ಚಾಲುಕ್ಯರೂ ಮೊದಲು ಅಲ್ಲಿಂದಲೇ ಆಳಿ, ಆಮೇಲೆ ಕಲ್ಯಾಣಕ್ಕೆ ಹೋದರು. ಆ ಚಾಲುಕ್ಯ ಮನೆತನದ ಕೀರ್ತಿವರ್ಮ 12ನೇ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ 'ಗೋವೈದ್ಯ' ಬರೆದ. ದನಗಳ ರೋಗಕ್ಕೆ ಮದ್ದು ಹೇಳುವ ಪುಸ್ತಕ ಒಂದು ರಾಜಮನೆತನದಿಂದ, ಜನರ ಭಾಷೆಯಲ್ಲಿ ಬಂದದ್ದು ಸಾಮಾನ್ಯ ಸಂಗತಿಯಲ್ಲ.

ಪುಸ್ತಕದ ಆಚೆ ಇರುವ ತಿಳಿವಳಿಕೆ ಇನ್ನೂ ದೊಡ್ಡದು. ಬಾತ ಕೀಲಿಗೆ ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಕಾಸುವುದು ಕನ್ನಡ ನಾಡಿನ ಉದ್ದಗಲಕ್ಕೂ ಬಳಕೆಯಲ್ಲಿರುವ ಪದ್ಧತಿ. ಅರಿಶಿಣ, ಬೇವು, ಲೋಳೆಸರ, ಅಮೃತಬಳ್ಳಿ, ಎಕ್ಕೆ, ಔಡಲ ಇವೆಲ್ಲ ದನದ ಮದ್ದಿನಲ್ಲಿ ಬರುತ್ತವೆ. ಬೆಂಗಳೂರಿನ ಯಲಹಂಕದ ಬಳಿ ಇರುವ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಇಂಥ ಮದ್ದುಗಳನ್ನು ದಾಖಲಿಸಿ, ಪರಿಶೀಲಿಸುವ ಕೆಲಸದಲ್ಲಿ ವರ್ಷಗಳಿಂದ ತೊಡಗಿದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅದರ ಜೊತೆ ಸೇರಿ ಕೆಚ್ಚಲು ಬಾವಿನ ಒಂದು ಲೇಪವನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದೆ: ಲೋಳೆಸರ 250 ಗ್ರಾಂ, ಅರಿಶಿಣ 50 ಗ್ರಾಂ, ಸುಣ್ಣ 15 ಗ್ರಾಂ. ಮೂರನ್ನೂ ಅರೆದು, ನೀರು ಬೆರೆಸಿ ತೆಳ್ಳಗೆ ಮಾಡಿ, ಹಾಲು ಪೂರ್ತಿ ಹಿಂಡಿ ತೊಳೆದ ಕೆಚ್ಚಲಿಗೆ ದಿನಕ್ಕೆ ಹಲವು ಸಲ ಹಚ್ಚುವುದು.

ಹೀಗೆ ಗಿಡಗಳ ಪಟ್ಟಿ ಸಿದ್ಧವಿದೆ. ಆದರೆ ಒಂದು ಗಿಡ ಎಂದರೆ ಒಂದು ಅಣುವಲ್ಲ. ಲಕ್ಕಿಯ ಎಲೆಯಲ್ಲೇ ವೈಟೆಕ್ಸಿಕಾರ್ಪಿನ್, ಲ್ಯೂಟಿಯೊಲಿನ್, ಅಗ್ನುಸೈಡ್, ನೆಗುಂಡೊಸೈಡ್, ಅರ್ಸೋಲಿಕ್ ಆಮ್ಲ ಎಂದು ಸಾಲು ಸಾಲು ಇವೆ. ಒಂದೊಂದನ್ನೂ ಬೇರ್ಪಡಿಸಿ, ಶುದ್ಧಗೊಳಿಸಿ, ಪರೀಕ್ಷಿಸಲು ತಿಂಗಳುಗಳು ಬೇಕು, ಹಣವೂ ಬೇಕು. ಕಂಪ್ಯೂಟರ್ ನೆರವಿಗೆ ಬರುವುದು ಇಲ್ಲಿ. ಕಣದಲ್ಲಿ ತೊಗರಿ ರಾಶಿಗೆ ಜರಡಿ ಹಿಡಿದಾಗ ಹೊಟ್ಟು, ಕಲ್ಲು, ನುಚ್ಚು ಹೋಗಿ ನೋಡತಕ್ಕ ಕಾಳು ಉಳಿಯುತ್ತದೆ. ಈ ವಿಧಾನವೂ ಅಣುಗಳ ರಾಶಿಗೆ ಹಿಡಿದ ಜರಡಿ. ಉಳಿದ ಕಾಳಿನಲ್ಲಿ ಹುಳ ಬಿದ್ದಿದೆಯೇ ಎಂಬುದನ್ನು ಜರಡಿ ಹೇಳುವುದಿಲ್ಲ.

ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಸಂಶೋಧಕರು ಭಾರತದ ಔಷಧಿ ಗಿಡಗಳ ಅಣುಗಳನ್ನು 'ಇಂಪ್ಯಾಟ್' ಎಂಬ ಹೆಸರಿನಲ್ಲಿ ಒಂದೆಡೆ ಕೂಡಿಸಿದ್ದಾರೆ. ಅದರ ಎರಡನೆಯ ಆವೃತ್ತಿಯಲ್ಲಿ 4,010 ಗಿಡಗಳು, 17,967 ಅಣುಗಳಿವೆ. ಯಾವ ಗಿಡದ ಯಾವ ಭಾಗದಲ್ಲಿ ಯಾವ ಅಣು ಇದೆ ಎಂಬ ವಿವರ ಅಲ್ಲಿದೆ, ಅಣುವಿನ ಮೂರು ಆಯಾಮದ ಆಕಾರವೂ ಇದೆ. ಒಂದು ಅಣುವಿನ ಲೆಕ್ಕಕ್ಕೆ ಒಂದು ನಿಮಿಷ ಹಿಡಿಯುತ್ತದೆ ಎಂದುಕೊಂಡರೂ ಇಡೀ ಸಂಗ್ರಹವನ್ನು ಒಂದೇ ಕಂಪ್ಯೂಟರ್ ಹನ್ನೆರಡೂವರೆ ದಿನಗಳಲ್ಲಿ ಸೋಸಿ ಮುಗಿಸಬಲ್ಲದು. ಮಹಾನಗರದ ಪ್ರಯೋಗಾಲಯವಿಲ್ಲದ ಊರಿನ ವಿದ್ಯಾರ್ಥಿಗೂ ಈ ವಿಧಾನ ಕೈಗೆಟಕುವುದಕ್ಕೆ ಇದೇ ಕಾರಣ. ಕಲಬುರಗಿಯ ಪದವಿ ಕಾಲೇಜಿನಲ್ಲಿ ಕೂತು ಕೂಡ ಇದನ್ನು ಮಾಡಬಹುದು.

ಆಕಳಿನ ಕಿಣ್ವದ ಆಕಾರ

ಅಣುವಿನ ಆಕಾರ ಸಿಕ್ಕಿತು, ಇನ್ನು ಕಿಣ್ವದ ಆಕಾರ ಬೇಕು. ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಜಗತ್ತು ಮೊದಲು ಕಂಡ ಕಾಕ್ಸ್ ಕುರಿಯದು. 1994ರಲ್ಲಿ ಅಮೆರಿಕದ ಸಂಶೋಧಕರು ಟಗರಿನ ವೀರ್ಯಚೀಲದಿಂದ ತೆಗೆದ ಕಾಕ್ಸ್-1ನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ ಅದರ ರಚನೆ ಬಿಡಿಸಿದರು. ಇವತ್ತಿಗೂ ಯಾವ ಪ್ರಾಣಿಯ ಕಾಕ್ಸ್ ಬಗ್ಗೆ ಬರೆದರೂ ಅಮೈನೋ ಆಮ್ಲಗಳ ಸಂಖ್ಯೆಯನ್ನು ಆ ಕುರಿಯ ಕಿಣ್ವದ ಲೆಕ್ಕದಲ್ಲೇ ಹೇಳುವುದು ರೂಢಿ. 1996ರಲ್ಲಿ ಇಲಿಯ ಕಾಕ್ಸ್-2 ರಚನೆ ಬಂತು.

ಆಕಳಿನ ಕಾಕ್ಸ್-2ಕ್ಕೆ ಬೇರೆ ದಾರಿ ಹಿಡಿಯಬೇಕು. 2009ರಲ್ಲಿ ಹೆರೆಫೋರ್ಡ್ ತಳಿಯ ಒಂದು ಆಕಳಿನ ಪೂರ್ಣ ಜೀನೋಮ್ ಪ್ರಕಟವಾಯಿತು. ಹಾಗಾಗಿ ಕಿಣ್ವದ 604 ಅಮೈನೋ ಆಮ್ಲಗಳ ಸರಣಿ ಗೊತ್ತಿದೆ. ಇಲಿಯ ಅಥವಾ ಮನುಷ್ಯರ ರಚನೆಯನ್ನು ಅಚ್ಚಾಗಿಟ್ಟುಕೊಂಡು ಈ ಸರಣಿಯನ್ನು ಅದರ ಮೇಲೆ ಹೊಂದಿಸಿದರೆ ಆಕಳಿನ ಮಾದರಿ ಸಿಗುತ್ತದೆ. ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಂ ಬಂದ ಮೇಲೆ ಈ ಕೆಲಸ ಇನ್ನೂ ಹಗುರವಾಗಿದೆ. 2022ರ ಹೊತ್ತಿಗೆ ಅದು 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರ ಊಹಿಸಿ ಸಾರ್ವಜನಿಕರಿಗೆ ತೆರೆದಿಟ್ಟಿತು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಈ ಸಾಧನೆಗೂ ಪಾಲು ಸಿಕ್ಕಿತು.

ಮಾದರಿ ನಂಬತಕ್ಕದ್ದೇ ಎಂದು ನೋಡಲು ಎಲ್ಲರೂ ಮೊದಲು ತೆರೆಯುವುದು ರಾಮಚಂದ್ರನ್ ನಕ್ಷೆಯನ್ನು. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಲ್ಲಿ ರೂಪಿಸಿದ ನಕ್ಷೆ ಅದು. ಪ್ರೋಟೀನಿನ ಬೆನ್ನೆಲುಬು ಯಾವ ಕೋನದಲ್ಲಿ ತಿರುಗಬಲ್ಲದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ಅಡ್ಡಿಯಾಗುತ್ತವೆ ಎಂಬುದನ್ನು ಅದು ಒಂದೇ ಚಿತ್ರದಲ್ಲಿ ತೋರಿಸುತ್ತದೆ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದರು. ಆಕಳಿನ ಕಿಣ್ವದ ಮಾದರಿ ಮಾಡುವ ವಿದ್ಯಾರ್ಥಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಈ ನಕ್ಷೆಯನ್ನು ದಾಟಿಯೇ ಮುಂದೆ ಹೋಗಬೇಕು.

ಒಂದು ಡಾಕಿಂಗ್, ಹತ್ತಿರದಿಂದ

ಕಿಣ್ವದೊಳಗೆ ಅಣುವನ್ನು ಕೂರಿಸಿ ನೋಡುವ ಲೆಕ್ಕಾಚಾರಕ್ಕೆ ಡಾಕಿಂಗ್ ಎಂದು ಹೆಸರು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕುಂಟ್ಜ್ ತಂಡ ಇದರ ಮೊದಲ ಪ್ರೋಗ್ರಾಂ ಬರೆಯಿತು. ಈಗ ಹೆಚ್ಚು ಬಳಕೆಯಲ್ಲಿರುವ ಆಟೋಡಾಕ್ ವೀನಾ 2010ರದು, ಉಚಿತವಾಗಿ ಸಿಗುತ್ತದೆ.

ಕಾಕ್ಸ್ ಕಿಣ್ವದಲ್ಲಿ ಒಳಗೆ ಹೋಗುವ ಉದ್ದನೆಯ ಸುರಂಗ ಒಂದಿದೆ. ಬಾಯಿಯಲ್ಲಿ 120ನೇ ಸ್ಥಾನದ ಆರ್ಜಿನಿನ್, ತುದಿಯಲ್ಲಿ 385ನೇ ಟೈರೋಸಿನ್, ಪಕ್ಕದಲ್ಲಿ 530ನೇ ಸೆರಿನ್. ಆಸ್ಪಿರಿನ್ ಈ ಸೆರಿನ್‌ಗೇ ಅಂಟಿಕೊಂಡು ದಾರಿ ಮುಚ್ಚುತ್ತದೆ. 523ನೇ ಸ್ಥಾನದಲ್ಲಿ ಕಾಕ್ಸ್-1ಕ್ಕೆ ಐಸೊಲ್ಯೂಸಿನ್, ಕಾಕ್ಸ್-2ಕ್ಕೆ ವ್ಯಾಲಿನ್. ಎರಡರ ನಡುವಿನ ಅಂತರ ಒಂದು ಇಂಗಾಲ, ಎರಡು ಹೈಡ್ರೋಜನ್ ಮಾತ್ರ. ಅಷ್ಟು ಜಾಗ ಖಾಲಿಯಾದದ್ದರಿಂದ ಕಾಕ್ಸ್-2ರ ಸುರಂಗದಲ್ಲಿ ಒಂದು ಪಕ್ಕದ ಗೂಡು ತೆರೆದುಕೊಂಡಿದೆ. ಕಾಕ್ಸ್-2ನ್ನೇ ಆಯ್ದು ಹಿಡಿಯುವ ಔಷಧಿಗಳ ಒಂದು ದೊಡ್ಡ ವರ್ಗ ನಿಂತಿರುವುದು ಈ ಗೂಡಿನ ಮೇಲೆ.

ಕೆಲಸ ಹೀಗೆ ಸಾಗುತ್ತದೆ. ಕಿಣ್ವದ ಕಡತದಿಂದ ಬೇಡದ ನೀರಿನ ಅಣುಗಳನ್ನು ತೆಗೆಯಬೇಕು. ಎಕ್ಸ್-ಕಿರಣಕ್ಕೆ ಸಾಮಾನ್ಯವಾಗಿ ಕಾಣದ ಹೈಡ್ರೋಜನ್‌ಗಳನ್ನು ಸೇರಿಸಬೇಕು. ಕಾಕ್ಸ್ ಕೆಲಸ ಮಾಡಲು ಕಬ್ಬಿಣವಿರುವ ಹೀಮ್ ಬೇಕು, ಆಲ್ಫಾಫೋಲ್ಡ್ ಮಾದರಿಯಲ್ಲಿ ಅದು ಇರುವುದಿಲ್ಲ. ಅದನ್ನು ತಂದು ಅದರ ಜಾಗದಲ್ಲಿ ಇಡಬೇಕು. ಸುರಂಗದ ಸುತ್ತ ಒಂದು ಚೌಕಟ್ಟು ಗುರುತಿಸಿ, ಅಣುವಿಗೆ ಆ ಮಿತಿಯೊಳಗೆ ಮಾತ್ರ ಜಾಗ ಹುಡುಕುವಂತೆ ಪ್ರೋಗ್ರಾಂಗೆ ಹೇಳಬೇಕು. ಆಮೇಲೆ ಅದು ಅಣುವನ್ನು ತಿರುಗಿಸಿ, ಬಾಗಿಸಿ, ಸಾವಿರಾರು ಭಂಗಿಗಳಲ್ಲಿ ಕೂರಿಸಿ, ಪ್ರತಿಯೊಂದಕ್ಕೂ ಬಂಧದ ಶಕ್ತಿಯನ್ನು ಕಿಲೊಕ್ಯಾಲರಿಯಲ್ಲಿ ಅಂದಾಜಿಸುತ್ತದೆ. ಅಂಕ ಸೊನ್ನೆಗಿಂತ ಎಷ್ಟು ಕೆಳಗಿಳಿಯುತ್ತದೋ ಹಿಡಿತ ಅಷ್ಟು ಗಟ್ಟಿ ಎಂದು ಅರ್ಥ.

ಹೊಸ ಅಣುವನ್ನು ಕೂರಿಸುವ ಮೊದಲು ಪ್ರಾಮಾಣಿಕ ಸಂಶೋಧಕ ಒಂದು ಪರೀಕ್ಷೆ ಮಾಡುತ್ತಾನೆ. ಡೈಕ್ಲೊಫೆನ್ಯಾಕ್ ಇಲಿಯ ಕಾಕ್ಸ್-2ರಲ್ಲಿ ಹೇಗೆ ಕೂತಿದೆ ಎಂಬುದು 2003ರ ಎಕ್ಸ್-ಕಿರಣ ಚಿತ್ರದಿಂದ ಗೊತ್ತಿದೆ. ಅದರ ಆಮ್ಲದ ತುದಿ ಬಾಯಿಯ ಆರ್ಜಿನಿನ್ ಕಡೆಗಿಲ್ಲ. ಅದು ತಲೆಕೆಳಗಾಗಿ ತಿರುಗಿ ಒಳಗಿನ ಟೈರೋಸಿನ್ 385 ಮತ್ತು ಸೆರಿನ್ 530ರ ಕೈ ಹಿಡಿದಿದೆ. ಅಣುವನ್ನು ಅಲ್ಲಿಂದ ಹೊರತೆಗೆದು, ಪ್ರೋಗ್ರಾಂಗೆ ಮತ್ತೆ ಕೂರಿಸಲು ಹೇಳಬೇಕು. ಅದು ಕೂರಿಸಿದ ಭಂಗಿ ನಿಜವಾದ ಭಂಗಿಯಿಂದ ಎರಡು ಆಂಗ್‌ಸ್ಟ್ರಾಮ್‌ಗಿಂತ ಹೆಚ್ಚು ದೂರ ಹೋಗದಿದ್ದರೆ ಈ ವ್ಯವಸ್ಥೆ ನಂಬತಕ್ಕದ್ದು. ಈ ಹೆಜ್ಜೆ ತಪ್ಪಿಸಿದ ಬರಹದಲ್ಲಿ ಮುಂದಿನ ಪಟ್ಟಿ ಎಷ್ಟೇ ಉದ್ದವಿದ್ದರೂ ನಾನು ಅದನ್ನು ಪಕ್ಕಕ್ಕಿಡುತ್ತೇನೆ.

ಅಂಕ ಹೇಳುವುದು, ಹೇಳದೇ ಇರುವುದು

ಉದಾಹರಣೆಗೆ, ಒಂದು ಪಟ್ಟಿಯಲ್ಲಿ ಮೊದಲ ಅಣುವಿಗೆ ಮೈನಸ್ 8.9, ಹತ್ತನೆಯದಕ್ಕೆ ಮೈನಸ್ 8.4 ಅಂಕ ಬಂದಿದೆ ಎಂದಿಟ್ಟುಕೊಳ್ಳಿ. ಮೊದಲನೆಯದೇ ಮೇಲು ಎಂದು ತೀರ್ಮಾನಿಸಬಹುದೇ? ಆಕಳಿನ ಮೈಯ ಬಿಸಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಲ್ಲಿ ಹಿಡಿತ ಹತ್ತು ಪಟ್ಟು ಬದಲಾಗಲು ಬೇಕಾದ ಶಕ್ತಿ ಸುಮಾರು 1.4 ಕಿಲೊಕ್ಯಾಲರಿ. ವೀನಾ ಪ್ರೋಗ್ರಾಂನ ಅಂದಾಜಿನಲ್ಲೇ ಎರಡೂವರೆ–ಮೂರು ಕಿಲೊಕ್ಯಾಲರಿಯಷ್ಟು ದೋಷವಿರುತ್ತದೆ. ಅಂದರೆ ನೂರು ಪಟ್ಟು ಆಚೀಚೆ. ಅರ್ಧ ಕಿಲೊಕ್ಯಾಲರಿಯ ಅಂತರಕ್ಕೆ ಇಲ್ಲಿ ಬೆಲೆಯೇ ಇಲ್ಲ. ಸಾವಿರ ಅಣುಗಳ ಗುಂಪಿನಿಂದ ಒಳ್ಳೆಯ ನೂರನ್ನು ಮೇಲಕ್ಕೆ ತರಲು ಜರಡಿ ಸಮರ್ಥ, ಆ ನೂರರಲ್ಲಿ ಮೊದಲ ಸ್ಥಾನ ಯಾರಿಗೆ ಎಂದು ಹೇಳಲು ಅದು ಅಸಮರ್ಥ.

ಇನ್ನೊಂದು ಪಕ್ಷಪಾತವೂ ಇದೆ. ಅಣು ದೊಡ್ಡದಾದಷ್ಟೂ ಕಿಣ್ವಕ್ಕೆ ತಾಗುವ ಜಾಗ ಹೆಚ್ಚು, ಅಂಕವೂ ಉತ್ತಮ. ಹಾಗಾಗಿ ಸಕ್ಕರೆಯ ತುಣುಕು ಅಂಟಿಕೊಂಡ ಗ್ಲೈಕೊಸೈಡ್‌ಗಳು ಪಟ್ಟಿಯ ತುದಿಗೆ ಏರುತ್ತವೆ. ಲಕ್ಕಿಯ ನೆಗುಂಡೊಸೈಡ್, ಅಗ್ನುಸೈಡ್ ಎರಡೂ ಈ ಜಾತಿಯವು. ಅವುಗಳಿಗೆ ಬಂದ ಅಂಕದಲ್ಲಿ ನಿಜವಾದ ಹೊಂದಾಣಿಕೆ ಎಷ್ಟು, ಗಾತ್ರದ ಕೊಡುಗೆ ಎಷ್ಟು ಎಂದು ಬಿಡಿಸಿ ನೋಡಬೇಕು. ಅದಕ್ಕೆ ಕಾಕ್ಸ್ ತಡೆಯುವುದೆಂದು ಗೊತ್ತಿರುವ ಅಣುಗಳ ಜೊತೆ, ಅದೇ ಗಾತ್ರದ ಆದರೆ ಕಾಕ್ಸ್ ತಡೆಯದ ಅಣುಗಳನ್ನು ಬೆರೆಸಿ, ಪ್ರೋಗ್ರಾಂ ಇವನ್ನು ಬೇರ್ಪಡಿಸುತ್ತದೆಯೇ ಎಂದು ಪರೀಕ್ಷಿಸುವುದು ಒಳ್ಳೆಯ ರೂಢಿ.

ಅರಿಶಿಣದ ಕರ್ಕ್ಯುಮಿನ್ ಇಂಥ ಪಟ್ಟಿಗಳಲ್ಲಿ ತಪ್ಪದೆ ಕಾಣಿಸುವ ಹೆಸರು. ಅದು ಬಹುತೇಕ ಯಾವ ಪ್ರೋಟೀನಿನಲ್ಲಿ ಕೂರಿಸಿದರೂ ಮರ್ಯಾದೆಯ ಅಂಕ ಪಡೆಯುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲೂ ಅದು ಪ್ರೋಟೀನುಗಳಿಗೆ ಎಲ್ಲೆಂದರಲ್ಲಿ ಅಂಟಿಕೊಂಡು, ತಾನೇ ಬಣ್ಣ ಸೂಸಿ, ಫಲಿತಾಂಶವನ್ನು ಕಲಸುತ್ತದೆ ಎಂದು 2017ರಲ್ಲಿ ಪ್ರಕಟವಾದ ವಿಸ್ತಾರವಾದ ವಿಮರ್ಶೆಯೊಂದು ಎಚ್ಚರಿಸಿತು.

ಈಗ ಕೆಚ್ಚಲಿನ ಲೇಪಕ್ಕೆ ಬನ್ನಿ. ಅರಿಶಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದು ಆರತಿ ನೀರು ಕಲಸುವ ಪ್ರತಿ ಮನೆಗೂ ಗೊತ್ತು. ಆ ಕೆಂಪು ಬರುವುದು ಕ್ಷಾರದಲ್ಲಿ ಕರ್ಕ್ಯುಮಿನ್ ಹೈಡ್ರೋಜನ್ ಕಳೆದುಕೊಂಡು ಬೇರೆ ರೂಪ ತಾಳುವುದರಿಂದ. ಆ ರೂಪದಲ್ಲಿ ಅದು ಬೇಗ ಒಡೆದು ಸಣ್ಣ ಅಣುಗಳಾಗುತ್ತದೆ. ಸಂಗ್ರಹದಿಂದ ತೆಗೆದು ಪರದೆಯ ಮೇಲೆ ಕೂರಿಸಿದ ಹಳದಿ ಕರ್ಕ್ಯುಮಿನ್ ಒಂದು, ರೈತಮಹಿಳೆ ಕೆಚ್ಚಲಿಗೆ ಹಚ್ಚುವ ಕೆಂಪು ಲೇಪದಲ್ಲಿ ಇರುವುದು ಇನ್ನೊಂದು. ಲೇಪ ಕೆಲಸ ಮಾಡುವ ಬಗೆಯನ್ನು ತಿಳಿಯಬೇಕಾದರೆ ಕೂರಿಸಬೇಕಾದದ್ದು ಆ ಎರಡನೆಯದನ್ನು. ಮದ್ದು ಅರೆಯುವ ವಿಧಾನವನ್ನು ಕೇಳಿ ಬರೆದುಕೊಳ್ಳದ ಸಂಶೋಧಕನಿಗೆ ಇದು ಗೊತ್ತಾಗುವುದೇ ಇಲ್ಲ.

ಲಕ್ಕಿ ಸೊಪ್ಪಿನದೂ ಇಂಥದೇ ಪ್ರಶ್ನೆ. ಲಕ್ಕಿಯ ಬಲಿತ ಹಸಿ ಎಲೆಯ ನೀರಿನ ಸಾರ ಇಲಿಗಳಲ್ಲಿ ಬಾವು ಇಳಿಸುತ್ತದೆ ಎಂದು ಶ್ರೀಲಂಕಾದ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ಆದರೆ ನಮ್ಮಲ್ಲಿ ಸೊಪ್ಪನ್ನು ಬಿಸಿ ಮಾಡಿ ಕಾಸುತ್ತಾರೆ. ಕಾವಿನಿಂದಲೇ ರಕ್ತಸಂಚಾರ ಹೆಚ್ಚಿ ನೋವು ಕಡಿಮೆಯಾಗಬಹುದು. ಎಲೆಯ ಪಾಲು ಎಷ್ಟು, ಕಾವಿನ ಪಾಲು ಎಷ್ಟು ಎಂದು ತಿಳಿಯಲು ಕೆಲವು ಎತ್ತುಗಳಿಗೆ ಬಿಸಿ ಲಕ್ಕಿ, ಕೆಲವಕ್ಕೆ ಬರಿಯ ಬಿಸಿ ಬಟ್ಟೆ ಕಾಸಿ, ಬಾವಿನ ಅಳತೆ ಹಿಡಿಯಬೇಕು. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಟೇಪು, ಥರ್ಮಾಮೀಟರು, ನಿಷ್ಠೆಯಿಂದ ಬರೆಯುವ ನೋಟ್‌ಬುಕ್ಕು ಸಾಕು.

ಮೆಲುಕು ಹಾಕುವ ಹೊಟ್ಟೆ

ಡಾಕಿಂಗ್ ಮುಗಿದ ಮೇಲೆ ಸಾಮಾನ್ಯವಾಗಿ ಲಿಪಿನ್‌ಸ್ಕಿ ನಿಯಮದಿಂದ ಇನ್ನೊಮ್ಮೆ ಸೋಸುತ್ತಾರೆ. ಅಣುವಿನ ತೂಕ 500 ಮೀರಬಾರದು, ಕೊಬ್ಬಿನಲ್ಲಿ ಕರಗುವ ಗುಣ ಅತಿಯಾಗಬಾರದು ಎಂಬಂಥ ನಾಲ್ಕು ಸೂತ್ರಗಳು. 1997ರಲ್ಲಿ ಬಂದ ಈ ನಿಯಮ ಮನುಷ್ಯರು ನುಂಗುವ ಮಾತ್ರೆಗಳನ್ನು ನೋಡಿ ಮಾಡಿದ್ದು. ಆಕಳಿಗೆ ಇದನ್ನು ಹಾಗೇ ಅನ್ವಯಿಸುವುದು ಈ ಕ್ಷೇತ್ರದ ದೊಡ್ಡ ಕುರುಡು ಜಾಗ.

ಆಕಳು ನುಂಗಿದ್ದು ಮೊದಲು ಹೋಗುವುದು ದೊಡ್ಡ ಆಕಳಿನಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುವ ಮೊದಲ ಹೊಟ್ಟೆಗೆ. ಅಲ್ಲಿ ಆಮ್ಲಜನಕವಿಲ್ಲ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಕಣಿಕೆಯನ್ನೇ ಕರಗಿಸುವ ಆ ಜೀವಿಗಳು ಗಿಡದ ಅಣುವನ್ನು ಸುಮ್ಮನೆ ಬಿಡುವುದಿಲ್ಲ. ಗ್ಲೈಕೊಸೈಡ್‌ನಿಂದ ಸಕ್ಕರೆ ಕಿತ್ತುಕೊಳ್ಳುತ್ತವೆ, ಉಂಗುರಗಳನ್ನು ಒಡೆಯುತ್ತವೆ. ಕೆಲವೊಮ್ಮೆ ಫಲಿತಾಂಶ ನಮ್ಮ ಎಣಿಕೆಗೆ ಪೂರ್ತಿ ವಿರುದ್ಧವಾಗಿರುತ್ತದೆ. ಕ್ವೆರ್ಸೆಟಿನ್ ಎಂಬ ಅಣುವನ್ನು ಹಂದಿಗಳಿಗೆ ನೇರವಾಗಿ ಕೊಟ್ಟಾಗ ರಕ್ತಕ್ಕೆ ಹೆಚ್ಚು ಸೇರುತ್ತದೆ, ಸಕ್ಕರೆ ಅಂಟಿದ ರೂಟಿನ್ ರೂಪದಲ್ಲಿ ಕೊಟ್ಟರೆ ಕಡಿಮೆ. ಜರ್ಮನಿಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಕಳ ಮೊದಲ ಹೊಟ್ಟೆಗೆ ಎರಡನ್ನೂ ಹಾಕಿ ನೋಡಿದಾಗ ರೂಟಿನ್‌ನಿಂದಲೇ ಹೆಚ್ಚು ಸಿಕ್ಕಿತು. ಮನುಷ್ಯರ ನಿಯಮ ಹಿಡಿದು, ಸಕ್ಕರೆ ಇದೆ, ತೂಕ ಹೆಚ್ಚು ಎಂದು ರೂಟಿನ್ನನ್ನು ಪಟ್ಟಿಯಿಂದ ಹೊಡೆದುಹಾಕಿದ್ದರೆ ಆಕಳಿಗೆ ಒಪ್ಪುವ ರೂಪವೇ ಕೈತಪ್ಪುತ್ತಿತ್ತು.

ಆದ್ದರಿಂದ ಮದ್ದನ್ನು ತಿನ್ನಿಸುತ್ತಾರೆಯೇ, ಹಚ್ಚುತ್ತಾರೆಯೇ ಎಂಬುದು ಮೊದಲ ಪ್ರಶ್ನೆಯಾಗಬೇಕು. ಹಚ್ಚುವ ಮದ್ದಿಗೆ ಚರ್ಮ ದಾಟುವ ಗುಣ ಮುಖ್ಯ. ತಿನ್ನಿಸುವ ಮದ್ದಾದರೆ ಸೂಕ್ಷ್ಮಜೀವಿಗಳ ಕೈಯಿಂದ ಹೊರಬಂದ ಅಣುವನ್ನು ಕಿಣ್ವದಲ್ಲಿ ಕೂರಿಸಬೇಕು. ಈ ಉತ್ತರ ಯಾವ ದತ್ತಸಂಗ್ರಹದಲ್ಲೂ ಸಿಗುವುದಿಲ್ಲ. ಅದು ತಾಂಡಾದ ಹಿರಿಯರ ಬಳಿ, ಕುರಿ ಕಾಯುವವರ ಬಳಿ, ಹಟ್ಟಿ ನೋಡಿಕೊಳ್ಳುವ ಹೆಣ್ಣುಮಕ್ಕಳ ಬಳಿ ಇದೆ. ಯಾವ ತಿಂಗಳ ಎಲೆ, ಚಿಗುರೋ ಬಲಿತದ್ದೋ, ಹಸಿಯೋ ಒಣಗಿದ್ದೋ ಎಂಬುದನ್ನೂ ಅವರೇ ಬಲ್ಲರು.

ಜರಡಿಯ ಆಚೆ

ಪಟ್ಟಿ ಸಿಕ್ಕ ಮೇಲಿನ ದಾರಿ ಉದ್ದ. ಮೊದಲು ಪರೀಕ್ಷಾ ನಳಿಕೆಯಲ್ಲಿ ಕಾಕ್ಸ್-1, ಕಾಕ್ಸ್-2 ಎರಡರ ಮೇಲೂ ಅಣುವನ್ನು ಅಳೆಯಬೇಕು. ಆಮೇಲೆ ಜೀವಕೋಶ. ಆಕಳಿನ ಕೆಚ್ಚಲಿನಿಂದಲೇ ಬೆಳೆಸಿದ ಮ್ಯಾಕ್-ಟಿ ಎಂಬ ಕೋಶಗಳ ತಳಿ 1990ರ ದಶಕದ ಆರಂಭದಿಂದ ಸಂಶೋಧಕರಿಗೆ ಲಭ್ಯವಿದೆ. ಅದಕ್ಕೆ ಬ್ಯಾಕ್ಟೀರಿಯಾದ ಗೋಡೆಯ ವಿಷ ಸೋಕಿಸಿ, ಅಣು ಉರಿಯೂತವನ್ನು ತಗ್ಗಿಸುತ್ತದೆಯೇ ನೋಡಬಹುದು. ನಂತರ ನೈತಿಕ ಸಮಿತಿಯ ಒಪ್ಪಿಗೆ ಪಡೆದು ಆಕಳುಗಳಲ್ಲೇ ಪರೀಕ್ಷೆ. ಹಾಲಿನಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ದಿನ ಉಳಿಯುತ್ತದೆ, ಗರ್ಭದ ಕರುವಿಗೆ ಏನಾಗುತ್ತದೆ ಎಂದು ಅಳೆಯಬೇಕು. ಡೈಕ್ಲೊಫೆನ್ಯಾಕ್ ಕಲಿಸಿದ ಪಾಠದ ನಂತರ ಹದ್ದುಗಳ ಸುರಕ್ಷತೆಯನ್ನೂ ಔಷಧಿ ಮಾರುಕಟ್ಟೆಗೆ ಬರುವ ಮೊದಲೇ ನೋಡಬೇಕು. ಗಿಡದ್ದು ಎಂಬ ಕಾರಣಕ್ಕೆ ಯಾವುದಕ್ಕೂ ವಿನಾಯಿತಿ ಸಲ್ಲದು. ಎಕ್ಕೆಯ ಹಾಲು ಕೂಡ ಗಿಡದ್ದೇ, ಹೃದಯಕ್ಕೆ ವಿಷವಾಗುವ ಅಣುಗಳು ಅದರಲ್ಲಿವೆ.

ಈ ದಾರಿಯನ್ನು ನಡೆಯಬಲ್ಲವರು ನಮ್ಮಲ್ಲೇ ಇದ್ದಾರೆ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹಾಲಿಗೂ ಹೊಲಕ್ಕೂ ಒದಗುವ ದೇವಣಿ ತಳಿಯ ತವರಿನಲ್ಲಿ ಬೀದರ್ ಸೀಮೆಯೂ ಸೇರಿದೆ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ, ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಚಿಂಚೋಳಿಯ ಕಾಡು ಇದೆ, ಕೊಡ್ಲಿಯಂಥ ಊರುಗಳಲ್ಲಿ ದನವನ್ನೂ ಗಿಡವನ್ನೂ ಬಲ್ಲವರಿದ್ದಾರೆ. ಇವರೆಲ್ಲ ಒಂದೇ ಕೆಲಸಕ್ಕೆ ಕೂಡಬೇಕು. ಜೀವವೈವಿಧ್ಯ ಕಾಯ್ದೆ 2002ರಲ್ಲೇ ಬಂದಿದೆ. ಅದರಂತೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಆ ದಾಖಲಾತಿಯಲ್ಲಿ ದನದ ಮದ್ದಿಗೊಂದು ಅಧ್ಯಾಯ ಇರಲಿ: ಗಿಡದ ಹೆಸರು, ಭಾಗ, ತಿಂಗಳು, ಅರೆಯುವ ಬಗೆ, ಹಚ್ಚುವುದೋ ತಿನ್ನಿಸುವುದೋ, ಹೇಳಿದವರ ಹೆಸರು. ನಾಳೆ ಆ ತಿಳಿವಳಿಕೆಯಿಂದ ಒಂದು ಔಷಧಿ ಬಂದರೆ ಲಾಭದ ಪಾಲು ಹೇಳಿದವರಿಗೂ ಬರಲು ಆ ಹೆಸರು ಬೇಕು. ಕಂಪ್ಯೂಟರಿನ ಜರಡಿಗೆ ಸುರಿಯಬೇಕಾದ ರಾಶಿಯೂ ಅಲ್ಲಿಂದಲೇ ಬರಬೇಕು.

ಅಲ್ಲಿಯವರೆಗೆ ಡಾಕಿಂಗ್ ಪಟ್ಟಿಯಲ್ಲಿ ಮೇಲೆ ಬಂತೆಂದು ಯಾವ ಸೊಪ್ಪನ್ನೂ ಆಕಳಿಗೆ ತಿನ್ನಿಸಬಾರದು. ಕೆಚ್ಚಲು ಬಾತರೆ ಮೊದಲು ಆ ಭಾಗದ ಹಾಲನ್ನು ಪೂರ್ತಿ ಹಿಂಡಿ ಚೆಲ್ಲಬೇಕು, ಕೊಟ್ಟಿಗೆ ಒಣಗಿರುವಂತೆ ನೋಡಿಕೊಳ್ಳಬೇಕು, ದವಾಖಾನೆಗೆ ಹೋಗಬೇಕು, ಮನೆಯಲ್ಲಿ ಏನು ಹಚ್ಚಿದ್ದೇವೆ ಎಂಬುದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು. ಡಾಕ್ಟರು ಅದನ್ನು ಗದರದೆ ಕೇಳಿ ಬರೆದುಕೊಳ್ಳಬೇಕು. ಗಿಡದ ಅಣುವೊಂದು ಭರವಸೆಯ ಔಷಧಿಯಾಗಿ ಕೊಡ್ಲಿಯ ಕೊಟ್ಟಿಗೆಗೆ ಮರಳಿ ಬರಬೇಕಾದರೆ ಆ ಕೆಲಸ ಶುರುವಾಗಬೇಕಾದದ್ದು ಇಂಥ ಬರವಣಿಗೆಯಿಂದ.